ಪಂಚರು ಎಲ್ಲಿ ಹೋದರು?

ಬಸವೇಶ್ವರನಗರದ ಹಾವನೂರು ಸರ್ಕಲ್ಲಿಗೆ ಹತ್ತಿರದ ಬೀದಿಯೊಂದರಲ್ಲಿ ನಮ್ಮ ಹಳೆಯ ಪರಿಚಯದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದಾರೆ. ಅವರ ಮಗಳು ನ್ಯೂಜೆರ್ಸಿಯಲ್ಲಿ ನೆಲೆಸಿ ಈಗ ಅಲ್ಲಿನ ಪೌರತ್ವವನ್ನೂ ಪಡೆದಿದ್ದಾರೆ. ಒಂದು ದಿನ ಬೆಳಿಗ್ಗೆ ಮಗಳ ಫೋನು ಬಂತು: "ಅಪ್ಪಾ, ನನಗೆ ಕೋರ್ಟಿನಿಂದ ಸಮನ್ಸ್ ಬಂದಿದೆ." ತಂದೆಯ ಕೈಕಾಲು ತಣ್ಣಗಾಯಿತು. ಯಾರಿಗೆ ಕಾರು ಗುದ್ದಿದೆ, ಏನು ತಪ್ಪು ಮಾಡಿದೆ ಎಂದು ಕೇಳುವಷ್ಟರಲ್ಲಿ ಮಗಳು ನಕ್ಕು ವಿವರಿಸಿದರು. ಆಕೆ ಆರೋಪಿಯೂ ಅಲ್ಲ, ಸಾಕ್ಷಿಯೂ ಅಲ್ಲ. ಯಾರೋ ಅಪರಿಚಿತನ ಮೊಕದ್ದಮೆಯಲ್ಲಿ ಆತ ಅಪರಾಧಿಯೋ ಅಲ್ಲವೋ ಎಂದು ತೀರ್ಮಾನಿಸಲು ಸರಕಾರ ಆಕೆಯನ್ನು ಕರೆದಿತ್ತು.

ಇದನ್ನು ನಮಗೆ ಹೇಳುವಾಗ ಅವರೇ ಇನ್ನೊಂದು ಸಂಗತಿಯನ್ನೂ ನೆನಪಿಸಿಕೊಂಡರು. ಹಿಂದೊಮ್ಮೆ ಅದೇ ಬೀದಿಯಲ್ಲಿ ಮಹಿಳೆಯೊಬ್ಬರ ಸರ ಕಿತ್ತುಕೊಂಡು ಹೋದಾಗ ಪೊಲೀಸರು ಬಂದು ಮಹಜರಿಗೆ ಇಬ್ಬರು ಪಂಚರು ಬೇಕೆಂದು ಮನೆ ಮನೆಯ ಬಾಗಿಲು ತಟ್ಟಿದರಂತೆ. ಇವರು ಬಾಗಿಲು ತೆರೆಯಲಿಲ್ಲ. ಎದುರು ಮನೆಯವರೂ ತೆರೆಯಲಿಲ್ಲ. "ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರಲ್ಲ, ಆ ಸಹವಾಸ ನಮಗೇಕೆ?" ಎಂದರು. ಅವರನ್ನು ದೂರುವ ಅಧಿಕಾರ ನಮಗಿಲ್ಲ. ನಾವಾದರೂ ಬಾಗಿಲು ತೆರೆಯುತ್ತಿದ್ದೆವೆಂದು ಎದೆ ತಟ್ಟಿ ಹೇಳಲಾರೆವು.

ಆದರೆ ಒಂದು ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಪಂಚ ಎಂಬುದು ನಮ್ಮ ಪದ. ಐವರು ಕೂತು ನ್ಯಾಯ ಹೇಳುವುದೆಂದರೆ ಪಂಚಾಯ್ತಿ. ಆ ಪಂಚರು ಇಂದು ಪೊಲೀಸರ ಕಾಗದಕ್ಕೆ ಸಹಿ ಹಾಕುವ ಇಬ್ಬರು ದಾರಿಹೋಕರಾಗಿ ಉಳಿದದ್ದು ಹೇಗೆ? ಭಾರತದಲ್ಲಿಯೂ ನೂರಾರು ವರ್ಷ ಜ್ಯೂರಿ ಇತ್ತಲ್ಲವೇ, ಅದು ಏನಾಯಿತು?

ಮೊದಲು ಅಮೆರಿಕದ ಕ್ರಮವನ್ನು ತುಸು ನೋಡೋಣ. ನಾವು ಅದನ್ನು ಸಿನಿಮಾಗಳಲ್ಲಿ ಕಂಡಿದ್ದೇವೆಯೇ ಹೊರತು ಒಳಗಿನ ವ್ಯವಸ್ಥೆಯನ್ನು ಅರಿತವರು ಕಡಿಮೆ. ಅಲ್ಲಿ ಕ್ರಿಮಿನಲ್ ಮೊಕದ್ದಮೆಗಳಿಗೆ ಜ್ಯೂರಿ ಬೇಕೆಂಬುದು 1787ರ ಮೂಲ ಸಂವಿಧಾನದಲ್ಲೇ ಇದೆ. 1791ರ ಆರನೆಯ ತಿದ್ದುಪಡಿಯು ಪಕ್ಷಪಾತವಿಲ್ಲದ, ಅಪರಾಧ ನಡೆದ ಪ್ರದೇಶದವರೇ ಆದ ಜ್ಯೂರಿಯನ್ನು ಆರೋಪಿಯ ಹಕ್ಕನ್ನಾಗಿ ಮಾಡಿತು. ಮತದಾರರ ಪಟ್ಟಿ, ವಾಹನ ಚಾಲನಾ ಪರವಾನಗಿಯ ಪಟ್ಟಿ ಮುಂತಾದವುಗಳಿಂದ ಚೀಟಿ ಎತ್ತಿದಂತೆ ಹೆಸರುಗಳನ್ನು ಆರಿಸುತ್ತಾರೆ. ಪೌರತ್ವ ಇರಬೇಕು, ಹದಿನೆಂಟು ತುಂಬಿರಬೇಕು. ಗ್ರೀನ್ ಕಾರ್ಡಿನವರಿಗೆ ಈ ಕರೆ ಬರುವುದಿಲ್ಲ. ನಮ್ಮ ಗೆಳೆಯರ ಮಗಳಿಗೆ ಅಷ್ಟು ವರ್ಷ ಬಾರದ ಸಮನ್ಸು ಪೌರತ್ವದ ಬೆನ್ನಿಗೇ ಬಂದದ್ದು ಅದಕ್ಕೇ. ಕರೆ ಬಂದರೆ ವೈದ್ಯನಾಗಲಿ ಟ್ರಕ್ ಚಾಲಕನಾಗಲಿ ಹೋಗಲೇಬೇಕು. ಫೆಡರಲ್ ಕೋರ್ಟಾದರೆ ದಿನಕ್ಕೆ 50 ಡಾಲರ್ ಭತ್ಯೆ. ಹಲವು ರಾಜ್ಯಗಳಲ್ಲಿ ಅದಕ್ಕಿಂತಲೂ ಕಡಿಮೆ.

ಹಾಗೆ ಬಂದವರನ್ನೆಲ್ಲ ಕೂಡಿಸಿಬಿಡುವುದಿಲ್ಲ. ನ್ಯಾಯಾಧೀಶರೂ ಎರಡೂ ಕಡೆಯ ವಕೀಲರೂ ಒಬ್ಬೊಬ್ಬರನ್ನೇ ಪ್ರಶ್ನಿಸುತ್ತಾರೆ. ನಿಮ್ಮ ಮನೆಯಲ್ಲಿ ಪೊಲೀಸರಿದ್ದಾರೆಯೇ? ನಿಮ್ಮ ಮನೆ ಎಂದಾದರೂ ಕಳವಾಗಿತ್ತೇ? ಪೂರ್ವಗ್ರಹ ಕಂಡುಬಂದರೆ ಎಷ್ಟು ಜನರನ್ನಾದರೂ ಕೈಬಿಡಬಹುದು. ಅದಲ್ಲದೆ ಪ್ರತಿ ಪಕ್ಷಕ್ಕೂ ಕಾರಣವನ್ನೇ ಹೇಳದೆ ಕೆಲವರನ್ನು ಬೇಡವೆನ್ನುವ ಅಧಿಕಾರವೂ ಉಂಟು. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು; ಮುಂದೆ ಇದೇ ದೊಡ್ಡ ಜಗಳಕ್ಕೆ ಕಾರಣವಾಯಿತು.

ವಿಚಾರಣೆ ನಡೆಯುವಾಗ ಜ್ಯೂರಿಗಳು ಆ ಮೊಕದ್ದಮೆಯ ಸುದ್ದಿ ಓದುವಂತಿಲ್ಲ, ಮನೆಯಲ್ಲಿ ಗಂಡ ಹೆಂಡತಿಯೊಡನೆಯೂ ಅದರ ಮಾತೆತ್ತುವಂತಿಲ್ಲ. ಕಾನೂನು ಏನೆಂದು ಹೇಳುವವರು ನ್ಯಾಯಾಧೀಶರು. ನಡೆದದ್ದೇನು ಎಂದು ತೀರ್ಮಾನಿಸುವವರು ಜ್ಯೂರಿಗಳು. ಆರೋಪಿ ಬಾಯಿ ಬಿಡದೆ ಕುಳಿತರೆ ಅದನ್ನು ಅವನ ವಿರುದ್ಧ ಎಣಿಸುವಂತಿಲ್ಲ. ಸಮಂಜಸವಾದ ಸಂಶಯಕ್ಕೆ ಎಡೆಯಿಲ್ಲದಂತೆ ಆರೋಪ ಸಾಬೀತಾಗಬೇಕು. ಕೊನೆಗೆ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಚರ್ಚಿಸುತ್ತಾರೆ. ಹನ್ನೆರಡು ಮಂದಿಯೂ ಒಂದೇ ಮಾತು ಹೇಳಬೇಕು. ಒಬ್ಬನೇ ಒಬ್ಬ ಒಪ್ಪದಿದ್ದರೂ ತೀರ್ಪಿಲ್ಲ. ಸರಕಾರ ಬೇಕಿದ್ದರೆ ಬೇರೆ ಜ್ಯೂರಿಯ ಮುಂದೆ ಮತ್ತೆ ಮೊದಲಿನಿಂದ ನಡೆಸಬೇಕು. ನಿರ್ದೋಷಿ ಎಂದುಬಿಟ್ಟರಂತೂ ಮುಗಿಯಿತು. ಸರಕಾರಕ್ಕೆ ಮೇಲ್ಮನವಿಯೇ ಇಲ್ಲ. ಜ್ಯೂರಿಗಳು ಕಾರಣ ಕೊಡಬೇಕಾಗಿಯೂ ಇಲ್ಲ. ಶಿಕ್ಷೆ ಎಷ್ಟೆಂಬುದು ಸಾಮಾನ್ಯವಾಗಿ ನ್ಯಾಯಾಧೀಶರ ಕೆಲಸ. ಮರಣದಂಡನೆಯ ಮಾತು ಬಂದಾಗ ಮಾತ್ರ ಅದಕ್ಕೆ ಬೇಕಾದ ಸಂಗತಿಗಳನ್ನು ಜ್ಯೂರಿಯೇ ನಿರ್ಧರಿಸಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದೆ.

ಈಗ ನಮ್ಮ ಕಡೆಗೆ ಬರೋಣ.

ಈಸ್ಟ್ ಇಂಡಿಯಾ ಕಂಪೆನಿಯ ಆಡಳಿತದಲ್ಲಿ ಎರಡು ಬಗೆಯ ಕೋರ್ಟುಗಳಿದ್ದವು. ಕಲ್ಕತ್ತಾ, ಮದ್ರಾಸು, ಮುಂಬಯಿ ನಗರಗಳಲ್ಲಿ ಇಂಗ್ಲಿಷ್ ಕಾನೂನು, ಇಂಗ್ಲಿಷ್ ಜ್ಯೂರಿ. ಹೊರಗಿನ ಜಿಲ್ಲೆಗಳಲ್ಲಿ ಕಂಪೆನಿಯು ನವಾಬರ ಕಾಲದ ಇಸ್ಲಾಮೀ ದಂಡಸಂಹಿತೆಯನ್ನೇ ತನಗೆ ಬೇಕಾದಂತೆ ತಿದ್ದುತ್ತಾ ಮುಂದುವರಿಸಿತ್ತು. ಇಂಗ್ಲಿಷ್ ನ್ಯಾಯಾಧೀಶನ ಪಕ್ಕದಲ್ಲಿ ಕಾಝಿ ಮತ್ತು ಮುಫ್ತಿ ಕುಳಿತು ಮೊಕದ್ದಮೆಯ ಬಗ್ಗೆ ಫತ್ವಾ ಕೊಡುತ್ತಿದ್ದರು. ಫತ್ವಾ ಎಂಬ ಪದ ಕೇಳಿದೊಡನೆ ಹುಬ್ಬೇರಿಸುವ ಇಂದಿನವರಿಗೆ, ಬ್ರಿಟಿಷರ ಕೋರ್ಟಿನಲ್ಲಿ ಅದು ದಿನನಿತ್ಯದ ಕಡತದ ಒಂದು ಹಾಳೆಯಾಗಿತ್ತೆಂದರೆ ಅಚ್ಚರಿಯಾದೀತು. ಬಂಗಾಳದ 1832ರ ಆರನೆಯ ರೆಗ್ಯುಲೇಶನ್ನು, ನ್ಯಾಯಾಧೀಶರು ಫತ್ವಾದ ಬದಲು ಪಂಚಾಯ್ತಿ, ಅಸೆಸರು ಇಲ್ಲವೇ ಜ್ಯೂರಿಯ ನೆರವು ಪಡೆಯಬಹುದೆಂದು ದಾರಿ ತೆರೆಯಿತು. 1862ರಲ್ಲಿ ಭಾರತೀಯ ದಂಡಸಂಹಿತೆ ಜಾರಿಗೆ ಬಂದ ಮೇಲೆ ಕೋರ್ಟಿನ ಕಾಝಿ ಮುಫ್ತಿಗಳ ಹುದ್ದೆಗೆ ಕೆಲಸವಿಲ್ಲದಾಯಿತು. 1864ರ ಕಾಯಿದೆ ಅದನ್ನು ರದ್ದುಗೊಳಿಸಿತು.

ಮೈಸೂರಿನಲ್ಲಿಯೂ ಅದೇ ಕಾಲಕ್ಕೆ ಇಂಥ ಒಂದು ಪ್ರಯತ್ನ ನಡೆದಿತ್ತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ ಅಮಲ್ದಾರರು, ಮುನ್ಸೀಫರು, ಅವರ ಮೇಲೆ ಹುಜೂರ್ ಅದಾಲತ್ತು ಎಂದು ಕೋರ್ಟುಗಳ ಸಾಲು ಇತ್ತು. ಆ ಕೋರ್ಟುಗಳು ಪಂಚಾಯ್ತರನ್ನು ಕೂರಿಸಿಕೊಂಡು ವಿಚಾರಣೆ ನಡೆಸುವ ಪದ್ಧತಿಯಿತ್ತು. ಊರಿನ ಪಂಚಾಯ್ತಿಯನ್ನೇ ಜ್ಯೂರಿಯ ಜಾಗದಲ್ಲಿ ಇಡುವ ಯೋಚನೆ ಅದು. 1856ರಲ್ಲಿ ಜುಡಿಶಿಯಲ್ ಕಮಿಷನರ್ ಹುದ್ದೆ ಬಂದು, ಬಳಿಕ ಬ್ರಿಟಿಷ್ ಭಾರತದ ಸಂಹಿತೆಗಳು ಬಂದಂತೆ ಆ ಪಂಚರು ಹಿಂದೆ ಸರಿದರು. ಇಂದು ಕಬ್ಬನ್ನರ ಹೆಸರಿನ ಉದ್ಯಾನದ ಅಂಚಿನಲ್ಲೇ ಹೈಕೋರ್ಟು ನಿಂತಿದೆ. ಅಲ್ಲಿಗೆ ಬರುವ ಕಕ್ಷಿದಾರರಲ್ಲಿ ಎಷ್ಟು ಮಂದಿಗೆ ಈ ಪಂಚರ ಕಥೆ ಗೊತ್ತು?

ಆದರೆ ಜ್ಯೂರಿಯ ನಿಜವಾದ ತೊಡಕು ಕಾನೂನಿನದಲ್ಲ. ಯಾರು ಯಾರ ಬಗ್ಗೆ ತೀರ್ಪು ಹೇಳಬಹುದು ಎಂಬುದೇ ಆ ತೊಡಕು. 1826ರಲ್ಲಿ ಬ್ರಿಟಿಷ್ ಸಂಸತ್ತು ಭಾರತಕ್ಕಾಗಿ ಒಂದು ಜ್ಯೂರಿ ಕಾಯಿದೆ ಮಾಡಿತು. ಅದರಂತೆ ಕ್ರೈಸ್ತನೊಬ್ಬ ಹಿಂದೂ ಅಥವಾ ಮುಸಲ್ಮಾನನ ವಿಚಾರಣೆಯಲ್ಲಿ ಜ್ಯೂರಿಯಾಗಬಹುದು. ಹಿಂದೂವಾಗಲಿ ಮುಸಲ್ಮಾನನಾಗಲಿ ಕ್ರೈಸ್ತನ ವಿಚಾರಣೆಯಲ್ಲಿ ಕೂರುವಂತಿಲ್ಲ. ಗ್ರಾಂಡ್ ಜ್ಯೂರಿಯ ಬಾಗಿಲಂತೂ ಅವರಿಗೆ ಮುಚ್ಚಿತ್ತು. ಇದನ್ನು ವಿರೋಧಿಸಿದವರಲ್ಲಿ ಮುಂದಿದ್ದವರು ರಾಜಾ ರಾಮಮೋಹನ ರಾಯರು. ಬ್ರಿಟಿಷ್ ಸಂಸತ್ತಿಗೆ ಹೋದ ಮನವಿಗೆ ಹಿಂದೂಗಳೂ ಮುಸಲ್ಮಾನರೂ ಕೂಡಿ ಸಹಿ ಹಾಕಿದ್ದರು. ಸತಿಪದ್ಧತಿಯ ವಿರುದ್ಧದ ಅವರ ಹೋರಾಟವನ್ನು ನಮ್ಮ ಪಠ್ಯಪುಸ್ತಕಗಳು ಹೇಳುತ್ತವೆ. ಈ ಜಂಟಿ ಸಹಿಯ ಕಥೆಯನ್ನು ಏಕೋ ಬಿಟ್ಟುಬಿಡುತ್ತವೆ. 1832ರಲ್ಲಿ ಆ ನಿರ್ಬಂಧ ತೊಲಗಿತು.

ಧರ್ಮದ ಗೋಡೆ ಬಿದ್ದರೂ ಬಣ್ಣದ ಗೋಡೆ ಉಳಿಯಿತು. 1883ರಲ್ಲಿ ಲಾರ್ಡ್ ರಿಪ್ಪನ್ನರ ಕಾಲದಲ್ಲಿ, ಜಿಲ್ಲೆಗಳ ಭಾರತೀಯ ನ್ಯಾಯಾಧೀಶರು ಯುರೋಪಿಯನ್ನರನ್ನೂ ವಿಚಾರಿಸಬಹುದೆಂಬ ಇಲ್ಬರ್ಟ್ ಮಸೂದೆ ಬಂದಾಗ ಪ್ಲಾಂಟರುಗಳೂ ವ್ಯಾಪಾರಿಗಳೂ ಎಬ್ಬಿಸಿದ ಗದ್ದಲ ಪ್ರಸಿದ್ಧವಾದದ್ದು. ಕೊನೆಗೆ 1884ರಲ್ಲಿ ಆದ ರಾಜಿಯೇನು? ಯುರೋಪಿಯನ್ ಬ್ರಿಟಿಷ್ ಪ್ರಜೆ ಕೇಳಿದರೆ ಅವನ ಜ್ಯೂರಿಯಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಯುರೋಪಿಯನ್ನರು ಅಥವಾ ಅಮೆರಿಕನ್ನರು ಇರಲೇಬೇಕು! ಭಾರತದ ನೆಲದಲ್ಲಿ ಭಾರತೀಯನನ್ನು ಕೊಂದ ಬಿಳಿಯನ ವಿಚಾರಣೆಗೆ ಅಮೆರಿಕನ್ ಆದೀತು, ಭಾರತೀಯರ ಸಂಖ್ಯೆ ಹೆಚ್ಚಾಗಕೂಡದು. ನಮ್ಮ ಮೈಸೂರಿನಲ್ಲಿ ಈ ಪ್ರಶ್ನೆಯೇ ಏಳಲಿಲ್ಲ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸುವಾಗಲೇ ಯುರೋಪಿಯನ್ ಬ್ರಿಟಿಷ್ ಪ್ರಜೆಗಳನ್ನು ವಿಚಾರಿಸುವ ಅಧಿಕಾರವನ್ನು ಬ್ರಿಟಿಷರು ತಮ್ಮಲ್ಲಿ ಇಟ್ಟುಕೊಂಡಿದ್ದರು. ಬ್ರಿಟಿಷ್ ಭಾರತದ ಸಂಹಿತೆಯಲ್ಲಿದ್ದ ಜನಾಂಗಭೇದದ ಕಲಮುಗಳನ್ನು ಪೂರ್ತಿ ಕಿತ್ತುಹಾಕಲು ಸ್ವತಂತ್ರ ಭಾರತಕ್ಕೆ 1949ರಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು.

ಇದರ ಫಲ ಏನೆಂದು ತಿಳಿಯಲು ಬಾಲಗಂಗಾಧರ ತಿಲಕರ ಎರಡು ಮೊಕದ್ದಮೆಗಳನ್ನು ನೋಡಿದರೆ ಸಾಕು. ಆಗ ಬೆಳಗಾವಿ, ಧಾರವಾಡ, ಬಿಜಾಪುರಗಳೂ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. 1897ರ ರಾಜದ್ರೋಹ ಮೊಕದ್ದಮೆಯಲ್ಲಿ ಒಂಬತ್ತು ಜ್ಯೂರಿಗಳು: ಆರು ಯುರೋಪಿಯನ್ನರು, ಮೂವರು ಭಾರತೀಯರು. ಆರು ಮಂದಿ ಅಪರಾಧಿ ಎಂದರು, ಮೂವರು ಅಲ್ಲವೆಂದರು. ಹದಿನೆಂಟು ತಿಂಗಳ ಸಜೆ. 1908ರಲ್ಲಿ ಮತ್ತೆ ಒಂಬತ್ತು: ಏಳು ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ತೀರ್ಪು ಏಳಕ್ಕೆ ಎರಡು. ನ್ಯಾಯಮೂರ್ತಿ ದಾವರ್ ಆರು ವರ್ಷ ಗಡಿಪಾರು ವಿಧಿಸಿದರು. ತಿಲಕರು ಮಂಡಾಲೆಗೆ ಹೋದರು. ಆಕ್ಷೇಪಕ್ಕೆ ಗುರಿಯಾದ ಲೇಖನಗಳು ಮರಾಠಿಯಲ್ಲಿದ್ದವು. ತೀರ್ಪು ಹೇಳಬೇಕಾದವರು ಅವುಗಳನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದರು. ಅನುವಾದವೇ ಸರಿಯಿಲ್ಲವೆಂದು ತಿಲಕರು ದಿನಗಟ್ಟಲೆ ವಾದಿಸಿದರು. ಜ್ಯೂರಿ ಎಂದರೆ ಆರೋಪಿಯ ಸರೀಕರು ಎಂಬ ಮಾತು ಅಲ್ಲಿ ಅಣಕವಾಗಿತ್ತು.

ಅಮೆರಿಕದವರು ಒಂಬತ್ತರಲ್ಲಿ ಏಳು ಸಾಲದು, ಹನ್ನೆರಡಕ್ಕೆ ಹನ್ನೆರಡೂ ಬೇಕು ಎನ್ನುವುದರ ಬೆಲೆ ಇಲ್ಲಿ ತಿಳಿಯುತ್ತದೆ. ತಿಲಕರು ಆ ನಿಯಮದಡಿ ವಿಚಾರಣೆಗೊಳಗಾಗಿದ್ದರೆ ಎರಡು ಸಲವೂ ಶಿಕ್ಷೆಯಾಗುತ್ತಿರಲಿಲ್ಲ. ಹಾಗೆಂದು ಅಮೆರಿಕವನ್ನು ಹೊಗಳಲು ಹೊರಡುವುದು ಬೇಡ. ಅಲ್ಲಿನ ಲೂಯಿಸಿಯಾನ ರಾಜ್ಯ 1898ರಲ್ಲಿ ಸರ್ವಾನುಮತದ ನಿಯಮವನ್ನು ಕೈಬಿಟ್ಟಿತು. ಕಾರಣ ಸರಳ: ಕರಿಯರನ್ನು ಜ್ಯೂರಿಯಿಂದ ಪೂರ್ತಿ ಹೊರಗಿಡಲು ಕಾನೂನು ಬಿಡುತ್ತಿರಲಿಲ್ಲ; ಆದ್ದರಿಂದ ಒಳಗೆ ಬಂದ ಒಬ್ಬಿಬ್ಬರ ಮಾತು ಲೆಕ್ಕಕ್ಕೆ ಬಾರದಂತೆ ಮಾಡುವುದು. ಆ ನಿಯಮ ಅಸಾಂವಿಧಾನಿಕವೆಂದು ಸುಪ್ರೀಂ ಕೋರ್ಟು ಹೇಳಿದ್ದು 2020ರಲ್ಲಿ.

ಅಲ್ಲಿನ ಕಥೆಯೂ ಇಷ್ಟೇ ಕಹಿ. ಕರಿಯರನ್ನು ಜ್ಯೂರಿಯಿಂದ ಹೊರಗಿಡುವ ಕಾನೂನು ಸಲ್ಲದೆಂದು 1880ರಲ್ಲೇ ತೀರ್ಪಾಗಿತ್ತು. ಆದರೂ 1955ರಲ್ಲಿ ಮಿಸಿಸಿಪ್ಪಿಯಲ್ಲಿ ಹದಿನಾಲ್ಕು ವರ್ಷದ ಎಮ್ಮೆಟ್ ಟಿಲ್ ಎಂಬ ಕರಿಯ ಹುಡುಗನನ್ನು ಕೊಂದವರ ವಿಚಾರಣೆಗೆ ಕುಳಿತ ಹನ್ನೆರಡು ಮಂದಿಯೂ ಬಿಳಿಯ ಗಂಡಸರು. ಒಂದು ಗಂಟೆ ಏಳು ನಿಮಿಷದಲ್ಲಿ ಕೊಲೆಗಾರರು ನಿರ್ದೋಷಿಗಳಾಗಿ ಹೊರಬಂದರು. ಮೇಲ್ಮನವಿ ಇಲ್ಲವೆಂಬ ಆ ದೊಡ್ಡ ರಕ್ಷಣೆ ಅಂದು ಅವರನ್ನು ಕಾಯಿತು. ಮುಂದೆ ಅವರೇ ಪತ್ರಿಕೆಯೊಂದಕ್ಕೆ ತಾವು ಕೊಂದದ್ದಾಗಿ ಹೇಳಿಕೊಂಡರೂ ಅದೇ ಕೊಲೆಗೆ ಮತ್ತೆ ವಿಚಾರಿಸುವಂತಿರಲಿಲ್ಲ. ಕಾರಣ ಹೇಳದೆ ಜ್ಯೂರಿಗಳನ್ನು ಬೇಡವೆನ್ನುವ ಅಧಿಕಾರವನ್ನು ಬಣ್ಣ ನೋಡಿ ಬಳಸಕೂಡದೆಂದು ಕೋರ್ಟು ಹೇಳಿದ್ದು 1986ರಲ್ಲಿ. ಇಂದಿಗೂ ವಕೀಲರು ಬೇರೇನಾದರೂ ನೆಪ ಹೇಳಿ ಅದನ್ನೇ ಮಾಡುತ್ತಾರೆಂಬ ದೂರು ನಿಂತಿಲ್ಲ.

ನಮ್ಮ ಕನ್ನಡ ನಾಡಿನ ಅಂಚಿನಲ್ಲಿ ನಡೆದ ಒಂದು ಮೊಕದ್ದಮೆಯನ್ನು ಇಲ್ಲಿ ನೆನೆಯಬೇಕು. ನಿರಂಜನರ 'ಚಿರಸ್ಮರಣೆ' ಓದಿದವರಿಗೆ ಕಯ್ಯೂರು ಹೊಸ ಹೆಸರಲ್ಲ. ಈಗ ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ಆ ಹಳ್ಳಿ ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಗೆ ಸಿಕ್ಕಿಬಿದ್ದ ಸುಬ್ಬರಾಯನ್ ಎಂಬ ಪೊಲೀಸ್ ಪೇದೆ ಹೊಳೆಗೆ ಹಾರಿ ಸತ್ತ. ವಿಚಾರಣೆ ನಡೆದದ್ದು ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ. ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳಲ್ಲಿ ಜ್ಯೂರಿ ಇದ್ದುದು ಮುಖ್ಯವಾಗಿ ಕಳವು, ದರೋಡೆಯಂಥ ಮೊಕದ್ದಮೆಗಳಿಗೆ. ಕೊಲೆಯಾದರೆ ಸಾಮಾನ್ಯವಾಗಿ ಅಸೆಸರುಗಳು. ಅವರ ಅಭಿಪ್ರಾಯ ಕೇಳಬೇಕು, ಪಾಲಿಸಬೇಕೆಂದಿಲ್ಲ. ಅಂದರೆ ತೆಂಗಿನಕಾಯಿ ಕದ್ದವನಿಗೆ ಸರೀಕರ ತೀರ್ಪು, ನೇಣಿನ ಕುಣಿಕೆಯ ಮುಂದೆ ನಿಂತವನಿಗೆ ಅದಿಲ್ಲ. ಮಠತ್ತಿಲ್ ಅಪ್ಪು, ಕೋಯಿತ್ತಾಟ್ಟಿಲ್ ಚಿರುಕಂಡನ್, ಪೊಡೋರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಈ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಚೂರಿಕ್ಕಾಡನ್ ಕೃಷ್ಣನ್ ನಾಯರ್ ಎಂಬ ಹುಡುಗ ವಯಸ್ಸು ಸಾಲದೆಂದು ಉಳಿದ.

ಜ್ಯೂರಿ ಇದ್ದಿದ್ದರೆ ಅವರು ಬದುಕುತ್ತಿದ್ದರೇ? ಹೇಳಲಾಗದು. ಆಗಿನ ಜ್ಯೂರಿ ಪಟ್ಟಿಗೆ ಆಸ್ತಿವಂತರು, ತೆರಿಗೆ ಕಟ್ಟುವವರು ಸೇರುತ್ತಿದ್ದರು. ಜಮೀನುದಾರರ ವಿರುದ್ಧ ಎದ್ದ ಒಕ್ಕಲುಗಳ ಹಣೆಬರಹವನ್ನು ಜಮೀನುದಾರರ ಕೈಗೇ ಕೊಟ್ಟಂತಾಗುತ್ತಿತ್ತೇನೋ. ಪ್ರಶ್ನೆ ಮತ್ತೆ ಅಲ್ಲಿಗೇ ಬಂತು. ಜ್ಯೂರಿ ಬೇಕೋ ಬೇಡವೋ ಎಂಬುದಕ್ಕಿಂತ ಆ ಪೆಟ್ಟಿಗೆಯಲ್ಲಿ ಕೂರುವವರು ಯಾರು?

ಭಾರತದಲ್ಲಿ ಜ್ಯೂರಿ ಹೋದದ್ದು ನಾನಾವತಿ ಮೊಕದ್ದಮೆಯಿಂದ ಎಂದು ಎಲ್ಲರೂ ಹೇಳುತ್ತಾರೆ. ಸಿನಿಮಾಗಳೂ ಹಾಗೆಯೇ ಹೇಳಿಕೊಟ್ಟಿವೆ. ಅದು ಅರ್ಧ ಸತ್ಯ. 1959ರ ಏಪ್ರಿಲ್ 27ರಂದು ನೌಕಾಪಡೆಯ ಅಧಿಕಾರಿ ನಾನಾವತಿ ತನ್ನ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಮುಂಬಯಿಯಲ್ಲಿ ಗುಂಡಿಟ್ಟು ಕೊಂದ. 'ಬ್ಲಿಟ್ಜ್' ಪತ್ರಿಕೆ ಅವನನ್ನು ವೀರನನ್ನಾಗಿ ಮಾಡಿತು. ಒಂಬತ್ತು ಜ್ಯೂರಿಗಳಲ್ಲಿ ಎಂಟು ಮಂದಿ ನಿರ್ದೋಷಿ ಎಂದರು. ಆಗಿನ ಕಾನೂನಿನಲ್ಲಿ ಒಂದು ಉಪಾಯವಿತ್ತು: ಜ್ಯೂರಿಯ ತೀರ್ಪು ಅಸಂಗತವೆಂದು ಕಂಡರೆ ಸೆಷನ್ಸ್ ನ್ಯಾಯಾಧೀಶ ಅದನ್ನು ಹೈಕೋರ್ಟಿಗೆ ಒಪ್ಪಿಸಬಹುದು. ಹಾಗೆಯೇ ಮಾಡಿದರು. ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು, 1964ರಲ್ಲಿ ರಾಜ್ಯಪಾಲರು ಕ್ಷಮಾದಾನ ಕೊಟ್ಟರು. ಆದರೆ ಜ್ಯೂರಿ ಪದ್ಧತಿಯನ್ನು ರದ್ದುಗೊಳಿಸಬೇಕೆಂದು ಕಾನೂನು ಆಯೋಗ ತನ್ನ ಹದಿನಾಲ್ಕನೆಯ ವರದಿಯಲ್ಲಿ ಶಿಫಾರಸು ಮಾಡಿದ್ದು 1958ರಲ್ಲಿ, ಅಂದರೆ ಆ ಗುಂಡು ಹಾರುವ ಮೊದಲೇ. ಅಸೆಸರುಗಳನ್ನು 1955ರಲ್ಲೇ ಕೈಬಿಡಲಾಗಿತ್ತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಯ ಮಾತೇ ಇರಲಿಲ್ಲ. 2024ರ ಜುಲೈಯಿಂದ ಅದರ ಸ್ಥಾನಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇಲ್ಲ. ಪಾರ್ಸಿಗಳ ವಿವಾಹ ನ್ಯಾಯಾಲಯಗಳಲ್ಲಿ ಮಾತ್ರ ಆ ಸಮುದಾಯದ ಪ್ರತಿನಿಧಿಗಳು ಕೂರುವ ಪದ್ಧತಿ ಒಂದು ಹಳೆಯ ಗುರುತಿನಂತೆ ಕಾನೂನಿನಲ್ಲಿ ಉಳಿದುಬಂತು.

ಜ್ಯೂರಿ ಮತ್ತೆ ಬರಲಿ ಎಂದು ನಾವು ಕೇಳುತ್ತಿದ್ದೇವೆಯೇ? ಸುಲಭವಾಗಿ ಹೌದೆನ್ನಲಾರೆವು. ಊರಿನಲ್ಲಿ ಕೋಮುಗಲಭೆಯಾಗಿ, ಆರೋಪಿಯ ಹೆಸರು ನೋಡಿಯೇ ಟಿ.ವಿ.ಯವರು ಸಂಜೆಗೆ ತೀರ್ಪು ಹೇಳಿಬಿಟ್ಟಿರುವಾಗ, ಆ ಟಿ.ವಿ. ನೋಡಿದ ಹನ್ನೆರಡು ಮಂದಿಯ ಮುಂದೆ ನಿಲ್ಲುವುದು ಲೇಸೋ, ಕಾರಣ ಬರೆದು ಸಹಿ ಹಾಕಬೇಕಾದ ಒಬ್ಬ ನ್ಯಾಯಾಧೀಶನ ಮುಂದೆ ನಿಲ್ಲುವುದು ಲೇಸೋ? ಮುಸಲ್ಮಾನನಾಗಲಿ ದಲಿತನಾಗಲಿ ಎರಡನೆಯದನ್ನೇ ಆರಿಸಿಕೊಂಡರೆ ಅದು ಹೇಡಿತನವಲ್ಲ. ಎಮ್ಮೆಟ್ ಟಿಲ್‌ನ ತಾಯಿಗೆ ಅದರ ಅರ್ಥ ಗೊತ್ತಿತ್ತು. ಕಾರಣ ಬರೆದ ತೀರ್ಪನ್ನು ಮೇಲಿನ ಕೋರ್ಟಿನಲ್ಲಿ ಪ್ರಶ್ನಿಸಬಹುದು. ಮುಚ್ಚಿದ ಕೋಣೆಯ ಮೌನವನ್ನು ಪ್ರಶ್ನಿಸುವುದು ಹೇಗೆ?

ಅಮೆರಿಕದಲ್ಲೂ ಜ್ಯೂರಿಯ ಮುಂದೆ ಹೋಗುವವರು ಬಹಳ ಕಡಿಮೆ. ಫೆಡರಲ್ ಕೋರ್ಟುಗಳ ಶಿಕ್ಷೆಗಳಲ್ಲಿ ಶೇಕಡಾ 97, ರಾಜ್ಯಗಳದರಲ್ಲಿ ಶೇಕಡಾ 94 ಆರೋಪಿಯೇ ತಪ್ಪೊಪ್ಪಿಕೊಂಡು ಆದವು ಎಂದು ಅಲ್ಲಿನ ಸುಪ್ರೀಂ ಕೋರ್ಟೇ 2012ರಲ್ಲಿ ಬರೆಯಿತು. ಜ್ಯೂರಿಯ ಮುಂದೆ ಸೋತರೆ ಇಪ್ಪತ್ತು ವರ್ಷ, ಈಗಲೇ ಒಪ್ಪಿಕೊಂಡರೆ ಐದು ಎಂಬಂಥ ಚೌಕಾಸಿಯಲ್ಲಿ ನಿರಪರಾಧಿಯೂ ಒಪ್ಪಿಕೊಂಡಾನು. ನಮ್ಮಲ್ಲಿ ತಪ್ಪೊಪ್ಪುವ ಚೌಕಾಸಿ 2006ರಿಂದ ಕಾನೂನಿನಲ್ಲಿದ್ದರೂ ಬಳಕೆಗೆ ಬಂದದ್ದು ಅತ್ಯಲ್ಪ. ನಮ್ಮ ರೋಗ ಬೇರೆ: 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರರಲ್ಲಿ ಎಪ್ಪತ್ತೈದಕ್ಕೂ ಮಿಕ್ಕಿದವರಿಗೆ ಜ್ಯೂರಿಯೂ ಇಲ್ಲ, ತೀರ್ಪೂ ಇಲ್ಲ, ತಾರೀಖು ಮಾತ್ರ.

ಆದರೂ ನಮ್ಮ ಗೆಳೆಯರ ಮಗಳಿಗೆ ಬಂದ ಆ ಕಾಗದ ನಮ್ಮ ಮನಸ್ಸಿನಿಂದ ಹೋಗುತ್ತಿಲ್ಲ. ಹಾಸನದಿಂದಲೋ ಬಸವೇಶ್ವರನಗರದಿಂದಲೋ ಹೋದ ಹೆಣ್ಣುಮಗಳೊಬ್ಬಳನ್ನು ಕರೆದು, ನಿನ್ನ ಮಾತಿಲ್ಲದೆ ನಾವು ಇವನನ್ನು ಜೈಲಿಗೆ ಕಳಿಸಲಾರೆವು ಎಂದು ಒಂದು ಸರಕಾರ ಹೇಳುವುದು ಸಣ್ಣ ಸಂಗತಿಯಲ್ಲ. ಇಲ್ಲಿ ಆಕೆಯ ತಂದೆಯ ಬಾಗಿಲಿಗೆ ಬರುವುದು ಮಹಜರಿನ ಕಾಗದ ಮಾತ್ರ. ಅದರಲ್ಲೂ ಎಲ್ಲ ಮೊದಲೇ ಬರೆದಿರುತ್ತದೆ. ಕೆಳಗೆ ಸಹಿ ಹಾಕುವ ಜಾಗವಷ್ಟೇ ಖಾಲಿ.

ಆಕೆ ಗೊತ್ತಾದ ದಿನ ಕೋರ್ಟಿಗೆ ಹೋದರಂತೆ. ದೊಡ್ಡ ಹಾಲಿನಲ್ಲಿ ನೂರಾರು ಜನ. ಮಧ್ಯಾಹ್ನದವರೆಗೆ ಕಾದ ಮೇಲೆ ಇವರ ಹೆಸರು ಕರೆದರು. ನ್ಯಾಯಾಧೀಶರು ಹತ್ತು ಹನ್ನೆರಡು ಪ್ರಶ್ನೆ ಕೇಳಿದರು, ಎಲ್ಲವೂ ಸರಿಯಾಯಿತು. ಅಷ್ಟರಲ್ಲಿ ಒಬ್ಬ ವಕೀಲರು ಎದ್ದು, ಇವರಿಗೆ ಧನ್ಯವಾದ ಹೇಳಿ ಕಳಿಸಬಹುದು ಎಂದರು. ಆಕೆ ಚೀಲ ಎತ್ತಿಕೊಂಡು ಮನೆಗೆ ಬಂದರು.

"ಯಾಕಂತಮ್ಮಾ ಬೇಡವೆಂದರು?" ಎಂದು ತಂದೆ ಫೋನಿನಲ್ಲಿ ಕೇಳಿದರಂತೆ.

"ಕಾರಣ ಹೇಳಬೇಕಾಗಿಲ್ಲವಂತೆ ಅಪ್ಪಾ."